ತವರಿನ ಸೀರೆಗೆ ಕಾದ ತಣ್ಣನೆಯ ಪೆಟ್ಟಿಗೆ

ನಾನೊಂದು ಪೆಟ್ಟಿಗೆ. ನನ್ನನ್ನು ಕಂಡೊಡನೆ ಜೋರಾಗಿ ಮಾತನಾಡುತ್ತಿದ್ದವರು ದನಿ ತಗ್ಗಿಸುತ್ತಾರೆ, ಚಪ್ಪಲಿ ಮೆಟ್ಟಿದವರು ಬಿಡುತ್ತಾರೆ, ಮಕ್ಕಳಿದ್ದರೆ ಅವುಗಳ ಕಣ್ಣಿಗೆ ಸೆರಗು ಮುಚ್ಚುತ್ತಾರೆ. ಮನುಷ್ಯನಿಗಿಂತ ಒಂದಿಷ್ಟು ಉದ್ದ, ಮೇಲೆ ಗಾಜಿನ ಮುಚ್ಚಳ, ಒಳಗೆ ಸ್ಟೀಲಿನ ತಟ್ಟೆ, ಕಾಲಿನ ಕಡೆ ಕಂಪ್ರೆಸರ್, ಕೆಳಗೆ ಗಾಲಿ, ಹಿಂದೆ ಬಾಲದಂತೆ ಒಂದು ವೈರು. ಸತ್ತವರನ್ನು ನೆಂಟರು ಬರುವ ತನಕ ಕೆಡದಂತೆ ಇಟ್ಟುಕೊಳ್ಳುವುದು ನನ್ನ ಉದ್ಯೋಗ. ಅಂಗಡಿಯ ಬೋರ್ಡಿನಲ್ಲಿ ಫ್ರೀಜರ್ ಬಾಕ್ಸ್ ಎಂದು ಬರೆದಿರುತ್ತದೆ. ಜನರ ಬಾಯಲ್ಲಿ ನಾನು ಐಸ್ ಪೆಟ್ಗೆ.

ಹುಟ್ಟಿದ್ದು ಕೊಯಮತ್ತೂರಿನ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ. ನನ್ನ ಎಡಕ್ಕೆ ಐಸ್‌ಕ್ರೀಮಿನ ಪೆಟ್ಟಿಗೆ, ಬಲಕ್ಕೆ ಮೀನಿನ ಪೆಟ್ಟಿಗೆ ತಯಾರಾಗುತ್ತಿದ್ದವು. ಮೂವರಿಗೂ ಒಂದೇ ತಗಡು, ಒಂದೇ ಗ್ಯಾಸು, ಒಬ್ಬನೇ ವೆಲ್ಡರ್. ಆ ಲೆಕ್ಕದಲ್ಲಿ ನಾವು ಒಡಹುಟ್ಟಿದವರು. ಐಸ್‌ಕ್ರೀಮಿನವನಿಗೆ ಬಣ್ಣದ ಚಿತ್ರ ಅಂಟಿಸಿದರು, ಮೀನಿನವನಿಗೆ ನೀಲಿ ದೀಪ ಹಾಕಿದರು. ನನ್ನ ತಲೆಯ ಕಡೆ ಉರಿಯುವ ಹಣತೆಯ ಚಿತ್ರ ಬರೆದು, ಅದರ ಕೆಳಗೆ ಕನ್ನಡ ಬಾರದ ಪೇಂಟರ್ ಒಬ್ಬ ನೋಡಿಕೊಂಡು 'ಕಣ್ಣಿರಿನ ವಿದಾಯ' ಎಂದು ಬರೆದ. ಕಣ್ಣೀರಿನ ದೀರ್ಘ ಅವನ ಬ್ರಷ್ಷಿನಲ್ಲೇ ಉಳಿಯಿತು. ಮೂವರೂ ಒಂದೇ ಲಾರಿಯಲ್ಲಿ ಘಾಟಿ ಹತ್ತಿದೆವು. ದಾರಿಯಲ್ಲಿ ಒಬ್ಬೊಬ್ಬರೇ ಇಳಿದುಹೋದರು. ಇಳಿದವರು ತಿರುಗಿ ನೋಡಲಿಲ್ಲ. ತಿರುಗಿಸಲು ನಮಗೆ ಕತ್ತೂ ಇರಲಿಲ್ಲ ಅನ್ನಿ.

ನಾನು ಇಳಿದದ್ದು ಮದ್ದೂರಿನಲ್ಲಿ, ಶಿವನಂಜಣ್ಣನ ಶಾಮಿಯಾನದ ಅಂಗಡಿಯ ಮುಂದೆ. ಮದುವೆಗೆ ಹೋಗುವ ಚೇರೇ ತಿಥಿಗೂ ಹೋಗುವ ಅಂಗಡಿ ಅದು. ಶಿವನಂಜಣ್ಣನಿಗೆ ಎರಡು ಗಂಟಲಿದ್ದವು. ಮದುವೆಯವರ ಫೋನು ಬಂದರೆ, "ಯೋಳೀ ಅಣ್ಣಾ! ಯಾವ್ ಚತ್ರ, ಎಷ್ಟ್ ಚೇರು?" ಎಂದು ನಾದಸ್ವರ. ಸಾವಿನವರ ಫೋನು ಬಂದರೆ, "ಅಯ್ಯಯ್ಯೋ... ಎಷ್ಟೊತ್ನಲ್ಲಣ್ಣಾ... ಚೆನ್ನಾಗಿದ್ರಲ್ಲಣ್ಣಾ..." ಎಂದು ಕೊಳಗದೊಳಗೆ ತಲೆಯಿಟ್ಟು ಮಾತನಾಡಿದಂತೆ. ಒಂದು ದಿನ ಅವಸರದಲ್ಲಿ ಗಂಟಲು ಅದಲುಬದಲಾಗಿ, ಮದುವೆಯ ಗಂಡಿನ ಅಪ್ಪನಿಗೆ "ಚೆನ್ನಾಗಿದ್ರಲ್ಲಣ್ಣಾ" ಎಂದು ಬೈಸಿಕೊಂಡ. ನನ್ನನ್ನು ಅವನು ಬಾಡಿಗೆಗೆ ಕೊಡುತ್ತಿದ್ದ. ಇಂಗ್ಲಿಷ್ ಬಲ್ಲವರು ಬಿಡಿಸಿ ಓದಿಕೊಂಡರೆ, ಬಾಡಿಗೇ ಕೊಡುತ್ತಿದ್ದ.

ನನ್ನನ್ನು ಊರೂರಿಗೆ ಸಾಗಿಸುತ್ತಿದ್ದವನು ಬೋರಲಿಂಗ. ಅಂಗಡಿಯ ಗೂಡ್ಸ್ ಆಟೋ, ಜನರೇಟರ್, ನಾನು, ಮೂವರೂ ಅವನ ಸುಪರ್ದಿ. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ನನಗೆ ತಣ್ಣಪ್ಪ ಎಂದು ಹೆಸರಿಟ್ಟಿದ್ದ. "ಏಳು ತಣ್ಣಪ್ಪ, ಗಿರಾಕಿ ಬಂದೈತೆ" ಎನ್ನುತ್ತಾ ನನ್ನ ಮೈ ಒರೆಸುವನು.

ಜಗತ್ತನ್ನು ನಾನು ಕಂಡದ್ದು ಕೆಳಗಿನಿಂದ. ಗಾಜಿನ ಮೇಲೆ ಬಾಗುವ ಮುಖಗಳು, ಅವುಗಳ ಮೂಗಿನ ಹೊಳ್ಳೆ, ತೊಟ್ಟಿಕ್ಕುವ ನೀರು. ಎಷ್ಟು ಮನೆ ಹೊಕ್ಕೆನೋ, ಪ್ರತಿ ಅಳುವಿನ ರಾಗವೂ ನನಗೆ ಬಾಯಿಪಾಠ. ಸೊಸೆಯಾದರೆ ಬೀದಿಯಲ್ಲಿ ಆಟೋ ನಿಂತ ಸದ್ದಿಗೆ ಶುರು: "ಅತ್ತೇ... ನನ್ ಯಾರ್ ಕೈಗ್ ಕೊಟ್ಟೋದ್ರೀ..." ಬಂದವರು ಕಾಫಿಗೆ ಹೋದರೆ ನಿಲುಗಡೆ. ದೂರದ ದಾಯಾದಿ ಬಂದರೆ ಅಳು ಕಮ್ಮಿ, ವಿಚಾರಣೆ ಜಾಸ್ತಿ: "ಬಿಪಿ ಇತ್ತಾ? ಶುಗರ್ರೂ ಇತ್ತಾ?" ನಿಜವಾಗಿ ಕಳೆದುಕೊಂಡವರು ಮಾತ್ರ ರಾಗ ತೆಗೆಯುವುದಿಲ್ಲ. ಅವರು ಬಂದು ಗಾಜಿನ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂರುತ್ತಾರೆ. ಅಂಗೈ ಎತ್ತಿದಾಗ ಗಾಜಿನ ಮೇಲೆ ಆವಿಯ ಗುರುತು ಉಳಿದು, ನಿಧಾನವಾಗಿ ಮಾಯವಾಗುತ್ತದೆ.

ಆ ಗುರುತನ್ನು ನೋಡಿದಾಗಲೆಲ್ಲ ನನಗೊಂದು ಹೊಟ್ಟೆಕಿಚ್ಚು. ನನ್ನ ಮೇಲೆ ಇಷ್ಟು ಕೈಗಳು ಬಿದ್ದವು, ಒಂದೂ ನನಗಾಗಿ ಅಲ್ಲ.

ಹೊಸದೊಡ್ಡಿಯ ನಿಂಗಾಜಮ್ಮನ ಮನೆಗೆ ಹೋದದ್ದು ಒಂದು ಬೇಸಿಗೆಯಲ್ಲಿ. ಬೆಳಗಿನ ಜಾವ ಪ್ರಾಣ ಹೋಗಿತ್ತು. ಮೂರು ತಿಂಗಳು ಮಲಗಿದ್ದ ಮುದುಕಿ, ಹೂವಿನ ಹಗುರ. ಗಂಡ ಹಿಂದೆಯೇ ತೀರಿದ್ದ. ಇದ್ದವಳು ಒಬ್ಬಳೇ ಮಗಳು ಜಯಶೀಲ. ಗಂಡನನ್ನು ಕರೆದುಕೊಂಡು ತಾಯಿಯ ಮನೆಯಲ್ಲೇ ಇದ್ದು ಉಚ್ಚೆ ಹೇಲು ಬಾಚಿದವಳು. ತಾಯಿಯನ್ನು ನನ್ನೊಳಗೆ ಮಲಗಿಸುವಾಗ ಅವಳು ಅಳಲಿಲ್ಲ. ತಲೆಯ ಕೂದಲು ಸರಿಮಾಡಿ, ಗಾಜು ಮುಚ್ಚಿಸಿ, ಅಂಗೈ ಇಟ್ಟು ಕುಳಿತಳು.

ನಿಂಗಾಜಮ್ಮ ಸಾಯುವ ಮುಂಚೆ ಮಗಳಲ್ಲಿ ಕೇಳಿದ್ದು ಒಂದೇ. "ತವರ ಸೀರೆ ಇಲ್ದೆ ನನ್ನ ಎತ್ತಬ್ಯಾಡ ಕಣವ್ವ."

ಆ ಸೀಮೆಯಲ್ಲಿ ಹೆಣ್ಣು ಸತ್ತರೆ ತವರಿನವರು ಸೀರೆ ತರಬೇಕು. ಗಂಡನ ಮನೆಯವರು ಎಷ್ಟು ಹೊದಿಸಿದರೂ ಕೊನೆಗೆ ಮೇಲೆ ಬೀಳಬೇಕಾದದ್ದು ಅಣ್ಣನೋ ತಮ್ಮನೋ ತಂದ ಬಟ್ಟೆ. ಅದು ಬಿದ್ದ ಮೇಲೆಯೇ ಹೆಣ ಎತ್ತುವುದು. ನಿಂಗಾಜಮ್ಮನ ತವರೆಂದರೆ ಕಂಚನಹಳ್ಳಿ. ಹತ್ತಿರದ್ದೇ. ಅಲ್ಲಿದ್ದವನು ಒಬ್ಬನೇ ತಮ್ಮ, ಮರಿಲಿಂಗೇಗೌಡ. ತಾಯಿಯಿಲ್ಲದ ಅವನನ್ನು ನಿಂಗಾಜಮ್ಮನೇ ಕಂಕುಳಲ್ಲಿ ಹೊತ್ತು ಸಾಕಿದ್ದಳು.

ಆದರೆ ಅಕ್ಕ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ತಮ್ಮ ತನ್ನ ಮಗಳ ಮದುವೆಗೆ ತಾನೇ ಬಂದು ಕರೆಯದೆ, ಲಗ್ನಪತ್ರಿಕೆಯನ್ನು ಹಾಲಿನ ವ್ಯಾನಿನವನ ಕೈಯಲ್ಲಿ ಕಳಿಸಿದ್ದ. "ನಾನೇನು ಹಾಲಿನ ಡೈರಿಯಾ?" ಎಂದು ಅಕ್ಕ ಮದುವೆಗೆ ಹೋಗಲಿಲ್ಲ. "ಧಾರೆಗೆ ನಮ್ಮಕ್ಕನೇ ಇಲ್ಲ" ಎಂದು ತಮ್ಮ ಮುನಿದ. ಅಷ್ಟೇ. ಯಾರೂ ಯಾರನ್ನೂ ಬೈದಿರಲಿಲ್ಲ.

ಜಯಶೀಲ ಬೆಳಿಗ್ಗೆಯೇ ಎಲ್ಲರಿಗೂ ಫೋನು ಮಾಡಿದಳು. ಕಂಚನಹಳ್ಳಿಗೂ ಮಾಡಿದಳು. ಮಾವನ ಸೊಸೆ ಎತ್ತಿ, "ಔದಾ? ಯೋಳ್ತೀನಿ" ಎಂದಳಂತೆ. ತಪ್ಪಾದದ್ದು ಅಲ್ಲಿ. ಮಿಕ್ಕವರಿಗೆ ಫೋನು ನಡೆಯುತ್ತದೆ, ತವರಿಗೆ ನಡೆಯುವುದಿಲ್ಲ. ಸತ್ತ ಮನೆಯವರೇ ಒಬ್ಬರು ಹೋಗಿ, ಅಂಗಳದಲ್ಲಿ ನಿಂತು ಬಾಯಿಬಿಟ್ಟು ಹೇಳಿ, ಅವರು ಕೊಟ್ಟ ನೀರನ್ನೂ ಕುಡಿಯದೆ ಹಿಂದಿರುಗಬೇಕು. ಹಾಗೆ ಹೇಳಿದರೇ ಅದು ಸುದ್ದಿ.

ಬಿಸಿಲೇರಿತು. ದೂರದ ನೆಂಟರೆಲ್ಲ ಬಂದರು, ಹತ್ತಿರದ ತಮ್ಮ ಬರಲಿಲ್ಲ.

"ನಾನ್ ಓಗಿ ಕರ್ಕೊಂಡ್ ಬತ್ತೀನಿ ಕಣೇ," ಎಂದ ಜಯಶೀಲಳ ಗಂಡ.

"ಬ್ಯಾಡ. ಫೋನ್ ಮಾಡಿಲ್ವಾ? ಪಲ್ಲಕ್ಕಿ ಕಳಿಸ್ಬೇಕಾ ಅವ್ರಿಗೆ?" ಎಂದಳು ಜಯಶೀಲ. "ಅವ್ವ ಮೂರ್ ತಿಂಗ್ಳು ಮಲಗಿದ್ಲಲ್ಲ, ಒಂದ್ಸಲ ಬಂದು ಹೊಸಲು ತುಳುದ್ರಾ? ಬಾಗ್ಲು ಸದ್ದಾದಾಗ್ಲೆಲ್ಲ 'ಮರಿ ಬಂದ್ನಾ ನೋಡವ್ವ' ಅನ್ನೋಳು. ನಾನ್ ನೋಡಿ ನೋಡಿ ಬಂದೀನಿ. ಇವತ್ತು ಅವ್ರೇ ಬರ್ಲಿ."

"ಬರ್ದೇ ಇದ್ರೆ?"

"ಬತ್ತಾರೆ. ಅಕ್ಕ ಅಲ್ವಾ? ಬರ್ದೆ ಎಲ್ಲೋಯ್ತಾರೆ?"

ಬೋರಲಿಂಗ ಜನರೇಟರ್ ಪಕ್ಕದಿಂದ ಎದ್ದು ಬಂದ. "ನಾನ್ ಬೇಕಾರೆ ಆಟೋ ತಕ್ಕೊಂಡು ಓಗಿ ಯೋಳ್ಬತ್ತೀನಿ ಕಣವ್ವಾ."

"ನೀನು ನಮ್ಗೆ ಏನಾಗ್ಬೇಕಣ್ಣ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳಿದಳು. ಬೋರಲಿಂಗ ಜನರೇಟರ್ ಕಡೆಗೇ ತಿರುಗಿದ. ಮನೆಯವನಲ್ಲದವನು ಹೇಳಿದರೆ ಅದೂ ಹಾಲಿನ ವ್ಯಾನಿನ ಕಥೆಯೇ.

ನೆರೆಮನೆಯ ಸಣ್ಣಮ್ಮಜ್ಜಿ ಬಾಗಿಲ ಬಳಿ ಎಲೆಯಡಿಕೆ ಕುಟ್ಟುತ್ತಾ ಕುಳಿತಿದ್ದಳು. ಎಲ್ಲರಿಗೂ ಕೇಳುವಂತೆ ಅಂದಳು: "ನಮ್ ಕಾಲ್ದಲ್ಲಿ ಒತ್ತು ಮುಳುಗೋದ್ರೊಳಗೆ ಎತ್ಬುಡಾದು. ಅಷ್ಟ್ರಲ್ಲಿ ಎಂಥಾ ಮಣಬಾರದ ಮುನಿಸಿದ್ರೂ ಬುಟ್ಟು ಓಡ್ಬರೋರು. ಎಣ ಕಾಯಕಿಲ್ಲ ಅಂತ ಗೊತ್ತಿತ್ತಲ್ಲ. ಈಗ ಪೆಟ್ಗೆ ಬಂದೈತೆ. ಎಣಾನೂ ಕೆಡಾಕಿಲ್ಲ, ಮುನಿಸೂ ಕೆಡಾಕಿಲ್ಲ."

ನನ್ನ ಮೇಲೆ ಬಂದ ಮೊದಲ ದೂರು ಅದು. ಒಳಗೆ ಮಲಗಿದವರು ಯಾರೂ ಈವರೆಗೆ ದೂರಿರಲಿಲ್ಲ.

ಸಣ್ಣಮ್ಮಜ್ಜಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ದಿನವೆಲ್ಲ ನಾನು ನೋಡಿದೆ. ಯಾರಾದರೂ "ಒತ್ತಾಯ್ತು" ಎಂದರೆ ಇನ್ನೊಬ್ಬರು ನನ್ನ ಕಡೆ ಕೈ ತೋರಿಸಿ, "ಪೆಟ್ಗೆ ಐತಲ್ಲ, ಇರ್ಲಿ ಬುಡು" ಎನ್ನುತ್ತಿದ್ದರು. ಕಂಚನಹಳ್ಳಿಯಲ್ಲೂ ಅದೇ ಮಾತು ನಡೆದಿತ್ತೆಂದು ಆಮೇಲೆ ತಿಳಿಯಿತು. "ಐಸ್ ಪೆಟ್ಗೆ ತರ್ಸವ್ರಂತೆ, ಕರ್ಯಕ್ಕೆ ಆಳು ಬರ್ಲಿ, ಓದ್ರಾಯ್ತು." ಎರಡು ಊರಿನ ನಡುವೆ ಇದ್ದದ್ದು ಒಂದು ಕೆರೆ, ಒಂದಿಷ್ಟು ಕಬ್ಬಿನ ಗದ್ದೆ ಮತ್ತು ನಾನು.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಬೋರಲಿಂಗ ಜನರೇಟರ್ ಹಾಕಿದ. ಅದು ಒಂದಷ್ಟು ಹೊತ್ತು ಓಡಿ, ಕೆಮ್ಮಿ, ಕಪ್ಪು ಹೊಗೆ ಕಾರಿ ನಿಂತಿತು. ಹಗ್ಗ ಎಳೆದೆಳೆದು ಅವನ ಅಂಗೈ ಕಿತ್ತುಬಂತು. ಅಂಗಡಿಗೆ ಫೋನು ಮಾಡಿದ. ಮುಹೂರ್ತದ ದಿನ, ಇದ್ದಬದ್ದ ಜನರೇಟರೆಲ್ಲ ಛತ್ರಗಳಿಗೆ ಹೋಗಿದ್ದವು. ಶಿವನಂಜಣ್ಣ ಯಾವ ಗಂಟಲಲ್ಲಿ ಮಾತನಾಡಬೇಕೆಂದು ತಿಳಿಯದೆ ಮಾಮೂಲು ದನಿಯಲ್ಲೇ, "ಇಲ್ಲ ಕಣ್ಲಾ ಬೋರ" ಎಂದ.

ನನ್ನ ಮೈ ಬಿಸಿಯಾಗತೊಡಗಿತು. ಗಾಜಿನ ಒಳಮೈಯಲ್ಲಿ ಹನಿಗೂಡಿ ನಿಂಗಾಜಮ್ಮನ ಮುಖ ಕಾಣದಾಯಿತು. ಜಯಶೀಲ ಸೆರಗಿನಿಂದ ಒರೆಸಿದಳು. ಹನಿ ಇದ್ದದ್ದು ಒಳಗೆ, ಅವಳು ಒರೆಸಿದ್ದು ಹೊರಗೆ. ಮತ್ತೆ ಮತ್ತೆ ಒರೆಸಿದಳು. ನೊಣಗಳು ಬಂದವು. ಊದುಬತ್ತಿಯ ಕಟ್ಟು ಕಟ್ಟನ್ನೇ ಹಚ್ಚಿದರು. ಕೊನೆಗೆ ಚೇರಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಬೀದಿಯಾಚೆಯ ಮರದಡಿ ಹೋಗಿ ನಿಂತರು. ಗೌರವಕ್ಕೆ ಎದ್ದವರಲ್ಲ ಅವರು.

"ಮಗಾ," ಎಂದಳು ಸಣ್ಣಮ್ಮಜ್ಜಿ, ಈ ಸಲ ಮೆಲ್ಲಗೆ. "ನಿಮ್ಮವ್ವ ನೊಂದ್ಕತಾಳೆ. ಎತ್ತುಸ್ಬುಡವ್ವ."

ಜಯಶೀಲ ರಸ್ತೆಯ ಕಡೆ ನೋಡಿದಳು. ರಸ್ತೆ ಖಾಲಿಯಿತ್ತು. ಆಗ ಅವಳು ಅತ್ತಳು. ರಾಗವಿರಲಿಲ್ಲ, ಮಾತಿರಲಿಲ್ಲ, ನೋವಾದ ದನ ಕೂಗಿದಂತೆ ಒಂದು ಸದ್ದು. ತನ್ನ ಬೀರುವಿನಲ್ಲಿದ್ದ ಸೀರೆಯೊಂದನ್ನು ತಂದು ತಾಯಿಯ ಮೇಲೆ ಹೊದಿಸಿದಳು. ತವರಿನದಲ್ಲ, ಮಗಳದು. ನಿಂಗಾಜಮ್ಮನನ್ನು ಎತ್ತಿದರು. ಅವರದೇ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು.

ಜನ ಸ್ನಾನ ಮಾಡಿ ಬಂದು, ಪದ್ಧತಿಯಂತೆ ಬಾಗಿಲ ದೀಪ ನೋಡುವ ಹೊತ್ತಿಗೆ ಬೋರಲಿಂಗ ಅಂಗಳದಲ್ಲಿ ನನ್ನನ್ನು ಫಿನಾಯಿಲ್ ಹಾಕಿ ತೊಳೆಯುತ್ತಿದ್ದ. ಆಗ ಒಂದು ಆಟೋ ಬಂದು ನಿಂತಿತು. ಬಿಳಿ ಪಂಚೆಯ ಮುದುಕರೊಬ್ಬರು ಇಳಿದರು. ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ಆಟೋ ತಿರುಗಿಕೊಂಡು ಹೋಯಿತು. ಅವರು ನನ್ನ ಬಳಿ ಬಂದು ಗಾಜಿನೊಳಗೆ ಇಣುಕಿದರು. ಒಳಗೆ ನೊರೆನೀರು.

"ಎಲ್ಲಿ ನಮ್ಮಕ್ಕ?"

ಬೋರಲಿಂಗ ಪೈಪು ಹಿಡಿದು ನಿಂತೇ ಇದ್ದ. ಜಯಶೀಲ ಒದ್ದೆ ಕೂದಲಲ್ಲಿ ಹೊಸ್ತಿಲಿಗೆ ಬಂದಳು.

"ಇಲ್ಲೇ ಇದ್ಲು ಮಾವ. ನಿನ್ನೆಯಿಂದ ಇಲ್ಲೇ ಇದ್ಲು. ನೀವ್ ಬತ್ತೀರ ಅಂತ."

"ಸೀರೆ ನಿನ್ನೆ ಬೆಳಿಗ್ಗೇನೇ ತಂದೆ ಕಣವ್ವಾ," ಎಂದರು ಮರಿಲಿಂಗೇಗೌಡರು. "ಮಡ್ಲಲ್ಲಿಟ್ಕೊಂಡು ಜಗಲಿ ಮೇಲೇ ಕುಂತಿದ್ದೆ. ಯಾರಾರ ಬತ್ತೀರ, ಯಾರಾರ ಬತ್ತೀರ ಅಂತ... ಒಬ್ರು ಬಂದು 'ಬನ್ನಿ' ಅಂದಿದ್ರೆ ಸಾಕಾಗಿತ್ತು."

"ನಾನೂ ಅದ್ನೇ ಅಂದ್ಕೊಂಡು ಕುಂತಿದ್ದೆ."

ನೀರು ನನ್ನ ಗಾಲಿಗಳ ನಡುವೆ ಹರಿದು ಹೋಗುತ್ತಿತ್ತು. ಮುದುಕರು ಕವರು ಬಿಚ್ಚಿದರು. ಬೂದು ಬಣ್ಣದ, ಸಣ್ಣಂಚಿನ ಸೀರೆ. ಮಡಿಕೆ ಬಿಡಿಸಿ, ತುದಿ ಹಿಡಿದು ಕೊಡವಿ, ನನ್ನ ಒದ್ದೆ ಗಾಜಿನ ಮೇಲೆ ತಲೆಯಿಂದ ಕಾಲಿನವರೆಗೂ ಹೊದಿಸಿದರು. ಅಂಚನ್ನು ಎರಡೂ ಕಡೆ ಸಮ ಮಾಡಿದರು. "ಅಕ್ಕಾ," ಎಂದರು.

ಕಣ್ಣು ಕತ್ತಲಾಯಿತು ನನಗೆ. ನನ್ನೊಳಗೆ ಯಾರೂ ಇಲ್ಲದಿದ್ದಾಗ ನನ್ನ ಮೇಲೆ ದುಃಖದ ಕೈ ಬಿದ್ದದ್ದು ಅದೇ ಮೊದಲು.

"ತೆಗೀರಿ ಮಾವ ಅದ," ಎಂದಳು ಜಯಶೀಲ. "ಬಾಡ್ಗೆ ಪೆಟ್ಗೆಗೆ ಯಾಕ್ ಸೀರೆ? ಮಣ್ ಮಾಡಿರೋ ತಾವ್ಕೂ ಬರ್ಬ್ಯಾಡಿ. ಅದು ನನ್ ಹೊಲ. ಅವ್ವ ಕೇಳಿದ್ದು ಒಂದೇ ಒಂದು, ಅದ್ನೂ ನನ್ ಕೈಲಿ ಆಗ್ದಂಗ್ ಮಾಡುದ್ರಿ."

ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಚಿಲಕ ಹಾಕಲಿಲ್ಲ. ಮುದುಕರಿಗೆ ಅದು ಗೊತ್ತಾಗಲಿಲ್ಲವೋ, ಗೊತ್ತಾದರೂ ಕರೆಯಲಿ ಎಂದು ನಿಂತರೋ ತಿಳಿಯದು. ಅವರು ಬಾಗಿಲು ತಳ್ಳಲಿಲ್ಲ.

ಊರಿಗೆ ಮರಳಲು ವಾಹನವಿರಲಿಲ್ಲ. ಬೋರಲಿಂಗ ಅವರನ್ನು ಗೂಡ್ಸ್ ಆಟೋದಲ್ಲಿ ಮುಂದೆ ಕೂರಲು ಕರೆದ. ಅವರು ಹಿಂದೆ ಹತ್ತಿ ನನ್ನ ಪಕ್ಕ ಕುಳಿತರು, ದಾರಿಯುದ್ದಕ್ಕೂ ನನ್ನನ್ನು ಅಲುಗಾಡದಂತೆ ಹಿಡಿದುಕೊಂಡಿದ್ದರು. ಸತ್ತವಳಿಗೆಂದು ತಂದ ಸೀರೆ ಮನೆಗೆ ಹಿಂದಿರುಗುವಂತಿಲ್ಲ. ಶಿಂಷಾ ಹೊಳೆಯ ಸೇತುವೆಯ ಮೇಲೆ ಆಟೋ ನಿಲ್ಲಿಸಿ, ಬೋರಲಿಂಗ ಒಂದು ತುದಿ, ಅವರು ಒಂದು ತುದಿ ಹಿಡಿದು ಸೀರೆಯನ್ನು ನೀರಿಗೆ ಬಿಟ್ಟರು. ಬೇಸಿಗೆಯ ಹೊಳೆ, ನೀರು ಸಣ್ಣದು. ಅದು ಬಹಳ ದೂರ ಹೋಗದೆ ಬಂಡೆಗೆ ಸಿಕ್ಕಿಕೊಂಡಿತು. "ನಡಿಯಪ್ಪ," ಎಂದರು ಮುದುಕರು.

ಮುಂದಿನ ಸಂತೆಯ ದಿನ ಮರಿಲಿಂಗೇಗೌಡರು ಅಂಗಡಿಗೆ ಬಂದರು. ಚೇರು ಬೇಕಿರಲಿಲ್ಲ, ಪೆಂಡಾಲು ಬೇಕಿರಲಿಲ್ಲ. ಹಿಂಭಾಗಕ್ಕೆ ಬಂದು, ಪೇರಿಸಿದ ಚೇರುಗಳ ನಡುವೆ ನಿಲ್ಲಿಸಿದ್ದ ನನ್ನ ಪಕ್ಕ ಚೀಲ ಹಾಸಿಕೊಂಡು ಕುಳಿತರು.

"ಏನ್ ಗೌಡ್ರೇ, ಅಡ್ವಾನ್ಸ್ ಬುಕಿಂಗಾ?" ಎಂದು ನಗಿಸಲು ನೋಡಿದ ಬೋರಲಿಂಗ.

"ಎಲ್ ಕುಂತ್ಕಳಾನ ಯೋಳು?" ಎಂದರು ಅವರು. "ಮಣ್ ಮಾಡಿದ ತಾವ್ಕೆ ಜಯಶೀಲ ಬುಡಾಕಿಲ್ಲ. ನಮ್ಮಕ್ಕ ಕೊನೇಲಿ ಇದ್ದಿದ್ದು ಇದ್ರಲ್ಲೇ ತಾನೆ?"

ಬೋರಲಿಂಗ ಮತ್ತೆ ನಗಿಸಲು ಹೋಗಲಿಲ್ಲ. ಟೀ ತರಿಸಿದ.

ಆಮೇಲೆ ಅವರು ಸಂತೆ ಸಂತೆಗೂ ಬಂದರು. ನನ್ನೊಡನೆ ಮಾತನಾಡುತ್ತಿರಲಿಲ್ಲ. ಹುಚ್ಚು ಹಿಡಿದ ಮುದುಕರಲ್ಲ ಅವರು. ಒಂದು ಕೈಯನ್ನು ಗಾಜಿನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಕಡಲೆಕಾಯಿ ತಿನ್ನುತ್ತಾ, ಬೋರಲಿಂಗನೊಂದಿಗೆ ಮಳೆ ಬೆಳೆ ಮಾತನಾಡಿ, ಬಸ್ಸಿನ ಹೊತ್ತಿಗೆ ಏಳುವರು. ನಾನು ಯಾರದೋ ಮನೆಗೆ ಹೋಗಿದ್ದರೆ ಬರುವ ತನಕ ಕಾಯುವರು. ನನ್ನಲ್ಲಿ ಅವಳ ಕುರುಹು ಒಂದೂ ಉಳಿದಿರಲಿಲ್ಲ. ಫಿನಾಯಿಲ್ ಎಲ್ಲವನ್ನೂ ತೊಳೆದಿತ್ತು, ಎಷ್ಟೋ ಜನ ಬಂದು ಹೋಗಿದ್ದರು. ಆದರೂ ಸಂತೆಯ ಹಿಂದಿನ ದಿನ ನನ್ನನ್ನು ಯಾರಾದರೂ ಕೊಂಡೊಯ್ದರೆ ನನಗೆ ಕಳವಳವಾಗತೊಡಗಿತು.

ಅವರ ಕಣ್ಣಿಗೆ ಪೊರೆ ಬಂದು ಮಂಜಾದ ಕಾಲದಲ್ಲಿ ಒಂದು ಸಲ ಜಯಶೀಲ ಅಂಗಡಿಗೆ ಬಂದಳು. ತಾಯಿಯ ವರ್ಷದ ಎಡೆಗೆ ಚೇರು ಹೇಳಲು ಬಂದವಳು. ಹಿಂಭಾಗದ ಬಾಗಿಲಿಂದ ಮಾವನನ್ನು ಕಂಡಳು. ನನ್ನ ಮೇಲಿದ್ದ ಅವರ ಕೈಯನ್ನೂ ಕಂಡಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೇ ಇದ್ದಳು. ಅವಳ ಬಾಯಿ ತೆರೆಯಿತು. ಈಗ ಕರೆಯುತ್ತಾಳೆ ಎಂದುಕೊಂಡೆ.

"ಆಮ್ಯಾಲೆ ಬತ್ತೀನಣ್ಣ," ಎಂದು ಬೋರಲಿಂಗನಿಗೆ ಪಿಸುಗುಟ್ಟಿ ಹೊರಟುಹೋದಳು. ಚೇರನ್ನು ಇನ್ನೊಂದು ಅಂಗಡಿಯಿಂದ ತರಿಸಿದಳಂತೆ.

"ಯಾರ್ಲಾ ಬಂದಿದ್ದು?" ಎಂದರು ಮುದುಕರು.

"ಯಾರೋ ಗಿರಾಕಿ ಗೌಡ್ರೇ," ಎಂದ ಬೋರಲಿಂಗ.

ನನಗೆ ವಯಸ್ಸಾಯಿತು. ತಗಡು ತುಕ್ಕು ಹಿಡಿಯಿತು, ಗ್ಯಾಸು ಸೋರಿತು. ಶಿವನಂಜಣ್ಣ ಹೊಸ ಪೆಟ್ಟಿಗೆ ತರಿಸಿದ. ಅದರಲ್ಲಿ ಭಜನೆ ಹಾಡುತ್ತದೆ, ಸುತ್ತಲೂ ಬಣ್ಣದ ದೀಪ. ಕೆಲಸವಿಲ್ಲದೆ ಹಿಂಭಾಗದಲ್ಲಿ ಬಿದ್ದಿದ್ದ ನನ್ನನ್ನು ಬೋರಲಿಂಗ ಬಹಳ ಕಾಲ ಉಳಿಸಿದ. "ಇರ್ಲಿ ಅಣ್ಣ, ಹಗ್ಗ ಗೂಟ ಮಡಗಕ್ಕೆ ಆಯ್ತದೆ" ಎನ್ನುವನು. ಇಂದು ಬೆಳಿಗ್ಗೆ ಅವನು ಮದುವೆಗೆ ಚೇರು ತುಂಬಿಕೊಂಡು ಹೊರಟ ಮೇಲೆ ಶಿವನಂಜಣ್ಣ ಗುಜರಿಯವನನ್ನು ಕರೆಸಿದ.

ಈಗ ಗುಜರಿಯ ಅಂಗಳದಲ್ಲಿದ್ದೇನೆ. ಗಾಜನ್ನು ಮೊದಲು ಕಳಚಿದರು. ಸುತ್ತಿಗೆ ಹಿಡಿದವನು ಬೀಡಿ ಮುಗಿಸುತ್ತಿದ್ದಾನೆ, ಆಮೇಲೆ ತಗಡು ಒಂದು ಕಡೆ, ತಾಮ್ರ ಒಂದು ಕಡೆ. ಸಾವಿನ ಭಯ ನನಗಿಲ್ಲ, ಅದರ ಪಕ್ಕದಲ್ಲೇ ಸಂಸಾರ ಮಾಡಿದವನು ನಾನು. ಅಳುವವರ ನಡುವೆ ಜೀವಮಾನವೆಲ್ಲ ಕಳೆದೆ. ಇವರು ಇಷ್ಟು ಯಾಕೆ ಒದ್ದಾಡುತ್ತಾರೆ, ಹೋದವರು ಹೋದರಲ್ಲ ಎಂದುಕೊಳ್ಳುತ್ತಿದ್ದೆ. ಹೋಗುವವರಿಗೂ ಒದ್ದಾಟ ಇರುತ್ತದೆಂದು ಈಗ ತಿಳಿಯುತ್ತಿದೆ.

ಇವತ್ತು ಸಂತೆ. ಕಂಚನಹಳ್ಳಿಯ ಬಸ್ಸು ಬಂದು ನಿಂತ ಸದ್ದು ಗೋಡೆಯಾಚೆಯಿಂದ ಕೇಳಿಸಿತು. ಕೋಲೂರಿಕೊಂಡು ಅವರು ಅಂಗಡಿಯ ಹಿಂಭಾಗಕ್ಕೆ ಹೋಗುತ್ತಾರೆ. ಚೇರುಗಳ ಸಾಲನ್ನು ತಡವಿಕೊಂಡು, ಅಭ್ಯಾಸದ ಜಾಗಕ್ಕೆ ಬಂದು ಚೀಲ ಹಾಸುತ್ತಾರೆ. ಕೂತು ಕೈ ಚಾಚುತ್ತಾರೆ. ಕೈಗೆ ಗೋಡೆ ಸಿಗುತ್ತದೆ.

"ಬೋರಲಿಂಗಾ," ಎನ್ನುತ್ತಾರೆ, "ಎಲ್ಲಪ್ಪ ಮಡಗ್ದೆ ನಮ್ಮಕ್ಕನ್ನ?"

ಬೋರಲಿಂಗ ಬರುವುದು ಸಂಜೆಗೆ.